ಅಂಬಿಗ ಗೊಣಗುತ್ತಾನೆ

ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವ ಕೆಲಸಕ್ಕೆ ಬರಬೇಕೆಂದಿರುವವರು ಆಗಾಗ ನನ್ನನ್ನು ಕೇಳುತ್ತಾರೆ, ಇದಕ್ಕೆ ಎಷ್ಟು ಭಾಷೆ ಗೊತ್ತಿರಬೇಕು ಎಂದು. ಎರಡು ಸಾಕು, ಒಂದೂವರೆಯಲ್ಲಿ ಇಡೀ ವೃತ್ತಿಜೀವನ ಮುಗಿಸಿದ ಮಹನೀಯರನ್ನೂ ಬಲ್ಲೆ. ನಿಜವಾಗಿ ಬೇಕಾದದ್ದು ಅನುಮಾನ. ಪಾತ್ರ ಆಡಿದ ಮಾತಿನ ಮೇಲೆ ಅನುಮಾನ, ನಿಘಂಟಿನ ಮೇಲೆ ಅನುಮಾನ, ನಿರ್ಮಾಪಕರು ಕಳಿಸಿದ ಸಂಭಾಷಣೆಯ ಪ್ರತಿಯ ಮೇಲೆ ಅನುಮಾನ, ಪಕ್ಕದ ಮೇಜಿನವರ ಮೇಲಂತೂ ಸದಾ ಅನುಮಾನ. ಈ ಗುಣ ನನಗೆ ಹುಟ್ಟಿನಿಂದಲೇ ಧಾರಾಳವಾಗಿ ಬಂದಿತ್ತು. ಅದನ್ನೇ ಬಂಡವಾಳ ಮಾಡಿಕೊಂಡು ಡಚ್ಚರ ನಾಡಿನ ಹೂಫ್‌ಡಾರ್ಪ್‌ನ ಸಣ್ಣ ಸಂಸ್ಥೆಯೊಂದರಲ್ಲಿ ಮೂವತ್ತು ವರ್ಷ ದುಡಿದೆ. ಕೊನೆಯ ವರ್ಷ ಆ ಬಂಡವಾಳ ಏನಾಯಿತು ಎಂಬುದನ್ನು ಹೇಳದೆ ಕಿರಿಯರಿಗೆ ಉಪದೇಶ ಮಾಡುವುದು ಸಭ್ಯತೆಯಲ್ಲ.

ನಾನು ಬಂಗಾಳಿ ಮತ್ತು ಹಿಂದಿ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ಸಬ್‌ಟೈಟಲ್ ಬರೆಯುತ್ತಿದ್ದೆ. ಅಪ್ಪ ಹುಬ್ಬಳ್ಳಿಯ ರೈಲ್ವೆ ನೌಕರರು. ಅವರಿಗೆ ಖರಗ್‌ಪುರಕ್ಕೆ ವರ್ಗವಾದಾಗ ನನಗೆ ಐದು ವರ್ಷ. ಮನೆಯೊಳಗೆ ಹುಬ್ಬಳ್ಳಿ, ಬೀದಿಯಲ್ಲಿ ಬಂಗಾಳಿ. ಎರಡರ ನಡುವಿನ ಹೊಸ್ತಿಲ ಮೇಲೆ ನಿಂತು ಅಮ್ಮನಿಗೂ ತರಕಾರಿಯವನಿಗೂ ದುಭಾಷಿಯಾಗಿ ಬೆಳೆದವನು ನಾನು. ಆಗಲೇ ಇಬ್ಬರ ಮೇಲೂ ನನಗೆ ಪೂರ್ತಿ ನಂಬಿಕೆಯಿರಲಿಲ್ಲ.

ಇಲ್ಲಿ ನನ್ನ ಮೊದಲ ಮೇಲಧಿಕಾರಿ ಹೆಂಡ್ರಿಕ್ ಎಂಬ ಬಲು ಎತ್ತರದ ಮನುಷ್ಯ. ನಗುವ ಕಾರ್ಯಕ್ರಮವನ್ನು ವರ್ಷಕ್ಕೊಮ್ಮೆ, ರಾಣಿಯ ಹುಟ್ಟುಹಬ್ಬದ ದಿನಕ್ಕೆ ಇಟ್ಟುಕೊಂಡಿದ್ದರು. ಸೇರಿದ ವರ್ಷವೇ ಒಂದು ಹಿಂದಿ ಚಿತ್ರ ನನ್ನ ಕೈಗೆ ಬಂತು. ಕೊನೆಯ ದೃಶ್ಯದಲ್ಲಿ ತಂದೆ ಮಗನನ್ನು ಹರಸುತ್ತಾನೆ ಎಂದು ಸಂಭಾಷಣೆಯ ಪ್ರತಿಯಲ್ಲಿತ್ತು. ಪ್ರತಿಯನ್ನು ನಂಬಿ ಹಾಗೆಯೇ ಬರೆದೆ. ಚಿತ್ರೀಕರಣದ ದಿನ ಮಾತು ಬದಲಾಗಿ, ಹರಸಬೇಕಾದ ತಂದೆ ಶಪಿಸುತ್ತಿದ್ದಾನೆಂದು ನನಗೆ ಹೇಗೆ ಗೊತ್ತಾಗಬೇಕು? ಕಿವಿಯಿಟ್ಟು ಕೇಳಿದ್ದರೆ ಗೊತ್ತಾಗುತ್ತಿತ್ತು, ಅದು ಬೇರೆ ಮಾತು. ರಾಟರ್‌ಡ್ಯಾಮ್‌ನ ತುಂಬಿದ ಚಿತ್ರಮಂದಿರದಲ್ಲಿ, ಪರದೆಯ ಮೇಲೆ ಕೆಂಗಣ್ಣಿನ ಮುದುಕನೊಬ್ಬ ಮಗನ ಕೊರಳಪಟ್ಟಿ ಹಿಡಿದು ಅಬ್ಬರಿಸುತ್ತಿದ್ದರೆ, ಅವನ ಕಾಲಬುಡದಲ್ಲಿ ನನ್ನ ಅಕ್ಷರಗಳು “ನೂರು ಕಾಲ ಬಾಳು ಕಂದಾ” ಎನ್ನುತ್ತಿದ್ದವು. ಜನ ಬಿದ್ದು ಬಿದ್ದು ನಕ್ಕರು. ನಿರ್ದೇಶಕರು ಎದ್ದು ಹೊರಗೆ ಹೋದರು.

ಮರುದಿನ ಹೆಂಡ್ರಿಕ್ ಬೈಯಲಿಲ್ಲ. “ಕಾಗದ ನಂಬಬೇಡ. ಬಾಯಿ ನೋಡು. ಮೊದಲಿಂದ ಕೊನೆಯವರೆಗೆ ನೋಡು,” ಎಂದರಷ್ಟೇ. ಮೊದಲ ಎರಡು ವಾಕ್ಯಗಳನ್ನು ನಾನು ಆಜೀವ ಪಾಲಿಸಿದೆ. ಮೂರನೆಯದು ಅಷ್ಟು ಮುಖ್ಯವೆಂದು ತೋರಲಿಲ್ಲ.

ಆಗಿನ ಕೆಲಸದ ರೀತಿಯನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಚಿತ್ರ ವಿಡಿಯೊ ಟೇಪಿನಲ್ಲಿ ಬರುತ್ತಿತ್ತು. ಅರ್ಥವಾಗದ ಮಾತು ಸಿಕ್ಕರೆ ಟೇಪನ್ನು ಚೀಲಕ್ಕೆ ಹಾಕಿಕೊಂಡು, ಆ ಸೀಮೆಯ ಹಿರಿಯರು ಯಾರಿದ್ದಾರೋ ಅವರ ಮನೆಗೆ ಹೋಗುವುದು ನಮ್ಮ ಪದ್ಧತಿ. ಬಂಗಾಳಿಯಲ್ಲಿ ನನಗೆ ಅಂಥ ಹಿರಿಯರು ಜೂಟರ್‌ಮೀರ್‌ನ ಒಬ್ಬ ವೃದ್ಧೆ. ನದಿ ಸೀಮೆಯಲ್ಲಿ ಹುಟ್ಟಿ, ಎಂಜಿನಿಯರ್ ಗಂಡನೊಂದಿಗೆ ಈ ನೀರಿನ ದೇಶಕ್ಕೆ ಬಂದವರು. ಊರಿನ ಬಂಗಾಳಿಗಳೆಲ್ಲ ಅವರನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಎಂದೆ. ಅವರು ಚಹಾ ಕೊಡುವರು, ಮಂಡಕ್ಕಿ ಕೊಡುವರು, ಒಂದು ಮಾತಿನ ಅರ್ಥ ಕೇಳಿದರೆ ಅದನ್ನು ಆಡುತ್ತಿದ್ದ ಮೂರು ತಲೆಮಾರಿನವರ ಗುಣದೋಷ ಹೇಳುವರು. ಚಿತ್ರ ಪೂರ್ತಿ ನೋಡಬೇಕೆಂದು ಹಟ ಮಾಡಿದರೆ ಟೇಪನ್ನು ಅಲ್ಲೇ ಬಿಟ್ಟು, ಮರುದಿನ ಹೋಗಿ ತರುವುದು. ಕಾಗದದ ಮೇಲೆ ನೋಡಿದರೆ ಇದು ನಿಯಮಕ್ಕೆ ವಿರುದ್ಧ. ಆದರೆ ಟೇಪು ಮರಳಿ ಬರುತ್ತಿತ್ತು. ಚೀಲದಲ್ಲಿ ತೂಕವಿದೆಯೇ ಇಲ್ಲವೇ ಎಂದು ಭುಜಕ್ಕೇ ಗೊತ್ತಾಗುತ್ತಿತ್ತು.

ಟೇಪು ಹೋಗಿ ಡಿಸ್ಕ್ ಬಂತು, ಡಿಸ್ಕ್ ಹೋಗಿ ಫೈಲ್ ಬಂತು. ಹೆಂಡ್ರಿಕ್ ಹೋಗಿ ಯೂಸ್ಟ್ ಬಂದ. ನಲವತ್ತೂ ದಾಟದ, ಬಿಳಿ ಬೂಟಿನ, ಎಲ್ಲದಕ್ಕೂ “ಟಾಪ್!”, ಅಂದರೆ ಭೇಷ್, ಎನ್ನುವ ಯಜಮಾನ. ಆಮೇಲೆ ಕೋವಿಡ್ ಬಂತು.

ಲಾಕ್‌ಡೌನಿನಲ್ಲಿ ನಮ್ಮಂಥವರ ಪಾಡೇನೆಂದು ಯಾರೂ ಕೇಳಲಿಲ್ಲ. ಬಾಯಿ ನೋಡಿ ನಂಬು ಎಂದು ಕಲಿತವನ ಎದುರು ಇಡೀ ದೇಶ ಬಾಯಿಗೆ ಮುಸುಕು ಕಟ್ಟಿಕೊಂಡು ಒಂದೂವರೆ ಮೀಟರ್ ದೂರ ನಿಂತಿತು. ಅಂಗಡಿಯ ಬಾಗಿಲಲ್ಲಿ ಬುಟ್ಟಿ ಒರೆಸಿಕೊಡುವವನು ನಕ್ಕನೋ ಹಲ್ಲು ಕಡಿದನೋ ತಿಳಿಯುವಂತಿರಲಿಲ್ಲ. ನನ್ನ ಅನುಮಾನ ಸಾಕ್ಷ್ಯವಿಲ್ಲದೆ ಸೊಂಪಾಗಿ ಬೆಳೆಯಿತು.

ಆ ಹೊತ್ತಿಗೆ ಕೈಗೆ ಬಂದದ್ದು ಬಂಗಾಳಿ ಮಕ್ಕಳ ಕಾದಂಬರಿಯೊಂದನ್ನು ಆಧರಿಸಿದ ಹಾಸ್ಯಮಯ ಸಾಹಸಚಿತ್ರ. ನಿವೃತ್ತ ಭೂಗೋಳ ಮೇಷ್ಟ್ರೊಬ್ಬರು ತಮ್ಮ ಶಾಲೆಯ ಕಳುವಾದ ಗಂಟೆಯನ್ನು ಹುಡುಕಿಕೊಂಡು, ಅಕ್ಕನ ಮೂವರು ಮಕ್ಕಳು ಮತ್ತು ಒಬ್ಬ ಅಡುಗೆಯವನೊಂದಿಗೆ ನದೀಮುಖದ ಕಾಡಿಗೆ ದೋಣಿಯಲ್ಲಿ ಹೊರಡುತ್ತಾರೆ. ದಡ ಹತ್ತಿದಾಗಲೆಲ್ಲ ಮೇಷ್ಟ್ರು ಬೆರಳೆತ್ತಿ ತಲೆ ಎಣಿಸುತ್ತಾರೆ. ಪ್ರತಿ ಸಲವೂ ಒಂದು ಕಡಿಮೆ, ಏಕೆಂದರೆ ತಮ್ಮನ್ನು ಎಣಿಸಿಕೊಂಡಿರುವುದಿಲ್ಲ. “ಹುಲಿ ಹೊತ್ತೊಯ್ತು!” ಎಂದು ಎದೆ ಬಡಿದುಕೊಳ್ಳುತ್ತಾರೆ. ಅಡುಗೆಯವನು ಅತ್ಯಂತ ಶ್ರದ್ಧೆಯಿಂದ ದೋಣಿಯ ಕೆಳಗೆ ಬಗ್ಗಿ ಹುಡುಕುತ್ತಾನೆ. ಆಗ ಮುದಿ ಅಂಬಿಗ ತನ್ನ ಸೀಮೆಯ ಬಂಗಾಳಿಯಲ್ಲಿ ಒಂದು ಮಾತು ಹೇಳುತ್ತಾನೆ. ಚಿತ್ರದಲ್ಲಿ ಮೂರು ಬಾರಿ, ಮೂರು ಮಾತು. ಸಂಭಾಷಣೆಯ ಪ್ರತಿಯಲ್ಲಿ ಅವು ಇರಲಿಲ್ಲ. ನನಗೆ ಒಂದಕ್ಷರ ತಿಳಿಯಲಿಲ್ಲ. ಖರಗ್‌ಪುರದ ಹಳಿಗಳ ಮೇಲೆ ಕಲಿತ ಬಂಗಾಳಿ ಆ ಉಪ್ಪುನೀರಿನ ಬಂಗಾಳಿಗೆ ಸಂಬಂಧಿಯೇ ಅಲ್ಲ. ಸದ್ಯಕ್ಕೆ ಮೂರೂ ಕಡೆ ಚೌಕ ಆವರಣದಲ್ಲಿ “ಅಂಬಿಗ ಗೊಣಗುತ್ತಾನೆ” ಎಂದು ಬರೆದು, ಎಲ್ಲ ಸಾಲುಗಳನ್ನೂ ನಾನೇ ಚಿತ್ರಕ್ಕೆ ಕೂಡಿಸಿ ಕರಡು ಮುಗಿಸಿದೆ. ಮೂವತ್ತು ವರ್ಷದ ಪರಿಣತಿಯ ಫಲ ಅದು.

ಆಮೇಲೆ ವಿಚಾರಿಸಬೇಕಾದಲ್ಲಿ ವಿಚಾರಿಸಿ, ಮೂರು ಮಾತುಗಳನ್ನೂ ಸರಿಯಾಗಿ ಬರೆದು, ಪೂರ್ಣಪಾಠವನ್ನು ತಂಡಕ್ಕೆ ಕೊಟ್ಟೆ. ತಂಡವೆಂದರೆ ಮೂವರು. ಅಕ್ಷರಗಳಿಗೆ ಕಾಲ ಕೂಡಿಸುವ, ಅಂದರೆ ಯಾವ ಸಾಲು ಯಾವ ಕ್ಷಣಕ್ಕೆ ಬಂದು ಯಾವ ಕ್ಷಣಕ್ಕೆ ಹೋಗಬೇಕೆಂದು ನಿಗದಿ ಮಾಡುವ ಸಹನಾ, ಮೈಸೂರಿನ ಹುಡುಗಿ. ನನ್ನ ಇಂಗ್ಲಿಷನ್ನು ಡಚ್ಚಿಗೆ ತಿರುಗಿಸುವ ಮಾರ್ಲೀಸ್. ಚಿತ್ರಕ್ಕೆ ಅಕ್ಷರ ಅಂಟಿಸುವ ವಿಮ್. ಎಲ್ಲರೂ ಅವರವರ ಮನೆಯಲ್ಲಿ. ಅಂದರೆ ನನ್ನ ಕಣ್ಗಾವಲಿನ ಆಚೆ. ಹೀಗಾಗಿ ನಾನೊಂದು ಗುಟ್ಟಿನ ಉಪಾಯ ಮಾಡಿದೆ. ಒಬ್ಬೊಬ್ಬರಿಗೆ ಹೋಗುವ ಪ್ರತಿಯಲ್ಲಿ ಒಂದೊಂದು ಗುರುತು. ಮಾರ್ಲೀಸಳ ಪ್ರತಿಯಲ್ಲಿ ಮೇಷ್ಟ್ರು ಕೊಡೆ ಬಿಚ್ಚುವಾಗಿನ ಸಾಲು ಅರ್ಧ ಸೆಕೆಂಡು ತಡ. ವಿಮ್‌ನದರಲ್ಲಿ ಕಾಗೆ ಕೂಗುವಾಗಿನ ಸಾಲು ಅರ್ಧ ಸೆಕೆಂಡು ಬೇಗ. ಈ ಎರಡನ್ನೂ ಸಹನಾಳಿಂದಲೇ ಮಾಡಿಸಿದೆ. ಅವಳ ಪ್ರತಿಗೆ ಮಾತ್ರ, ಅವಳಿಗೆ ತಿಳಿಯದಂತೆ, ಬೇರೊಂದು ಕಡೆ ನಾನೇ ಗುರುತು ಹಾಕಿದೆ. ಪ್ರತಿ ಹೊರಗೆ ಹೋದರೆ ಯಾರ ಮನೆಯಿಂದ ಹೋಯಿತೆಂದು ಗುರುತೇ ಹೇಳಬೇಕು. ಇದನ್ನು ಯೋಚಿಸಿದ ದಿನ ನನ್ನ ಬಗ್ಗೆ ನನಗೆ ಬಹಳ ಗೌರವ ಉಂಟಾಯಿತು.

ಪ್ರತಿ ಹೊರಗೆ ಹೋಯಿತು. ಬಿಡುಗಡೆಗೆ ಇನ್ನೂ ಎರಡು ತಿಂಗಳಿರುವಾಗ ಇಡೀ ಚಿತ್ರ ಅಂತರ್ಜಾಲದಲ್ಲಿ ಬಿಟ್ಟಿ ಓಡತೊಡಗಿತು, ನನ್ನ ಇಂಗ್ಲಿಷ್ ಸಾಲುಗಳ ಸಮೇತ. ಕೋಲ್ಕತ್ತದ ನಿರ್ಮಾಪಕರು ಬೆಂಕಿಯಂಥ ಪತ್ರ ಬರೆದರು. ಯೂಸ್ಟ್ ವಿಡಿಯೊ ಕರೆ ಮಾಡಿದಾಗ ಮೊದಲ ಸಲ “ಟಾಪ್” ಅನ್ನಲಿಲ್ಲ.

“ನಮ್ಮಲ್ಲಿಂದಲೇ ಹೋಗಿದೆ. ಅವರಿಗೆ ಒಂದು ಹೆಸರು ಬೇಕು. ನೀನೇ ಹುಡುಕು,” ಎಂದ. “ಅಲ್ಲಿಯವರೆಗೆ ಸಹನಾಳ ನೇಮಕದ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ.”

ಆ ಸಹಿಯ ತೂಕ ನನಗೆ ಗೊತ್ತಿತ್ತು. ಇಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಿಕೊಳ್ಳಲು ಸರಕಾರ ಒಂದು ವರ್ಷ ಕೊಡುತ್ತದೆ. ಝುಕ್‌ಯಾರ್ ಎನ್ನುತ್ತಾರೆ, ಹುಡುಕಾಟದ ವರ್ಷ. ಸಹನಾಳ ಆ ವರ್ಷದಲ್ಲಿ ಉಳಿದಿದ್ದದ್ದು ಹದಿನೆಂಟು ದಿನ. ಸಹಿ ಬಿದ್ದರೆ ದೇಶದಲ್ಲಿ ಉಳಿಯುತ್ತಾಳೆ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟುತ್ತಾಳೆ. ಆ ದಿನಗಳಲ್ಲಿ ಬೇರೆ ಯಾರೂ ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ.

ನಾನು ಶಾಸ್ತ್ರೋಕ್ತವಾಗಿ ತನಿಖೆಗೆ ಕುಳಿತೆ. ಸೋರಿದ ಪ್ರತಿಯನ್ನು ತೆರೆದು ಕೊಡೆಯ ಜಾಗ ನೋಡಿದೆ. ಸಾಲು ಸರಿಯಾದ ಹೊತ್ತಿಗೆ ಬಂತು. ಕಾಗೆಯ ಜಾಗ ನೋಡಿದೆ, ಸರಿ. ಸಹನಾಳ ಜಾಗ ನೋಡಿದೆ, ಅದೂ ಸರಿ. ಮೂರು ಗುರುತುಗಳಲ್ಲಿ ಒಂದೂ ಇಲ್ಲ. ಅಂದರೆ ಕಳ್ಳರು ಗುರುತನ್ನು ಹುಡುಕಿ ಅಳಿಸಿದ್ದಾರೆ. ಗುರುತು ಎಂಬುದೊಂದಿದೆಯೆಂದು ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಯಾರಿಗೆ? ಕಾಲ ಕೂಡಿಸುವವಳಿಗೆ. ಫೈಲ್ ಮುಚ್ಚಿದೆ.

ಆದರೂ ನ್ಯಾಯಕ್ಕೆ ಚ್ಯುತಿ ಬರಬಾರದಲ್ಲ. ಮೂವರನ್ನೂ ವಿಚಾರಣೆ ಮಾಡಿದೆ. ಮಾರ್ಲೀಸ್ ಬುಧವಾರ ಮಧ್ಯಾಹ್ನ ಫೋನ್ ಎತ್ತುವುದಿಲ್ಲ, ಯಾಕೆ? ವಿಮ್‌ನ ಬೆನ್ನ ಹಿಂದೆ ಕಾಣುವ ಪುಸ್ತಕದ ಕಪಾಟು ನಿಜವಾದದ್ದಲ್ಲ, ಚಿತ್ರ. ಅದರ ಹಿಂದೆ ಏನಿದೆ? ಸಹನಾ ಬೈಟನ್‌ವೆಲ್ಡರ್ಟ್‌ನಲ್ಲಿ ಒಂದು ಕನ್ನಡ ಸಂಸಾರದ ಮನೆಯಲ್ಲಿ ಕೋಣೆ ಹಿಡಿದಿದ್ದಳು. ಅವಳನ್ನು ಕೊನೆಗೆ ಕರೆದೆ.

“ಸರ್, ಯೂಸ್ಟ್ ಕಾಂಟ್ರ್ಯಾಕ್ಟ್ ಬಗ್ಗೆ ಏನಾದ್ರೂ ಹೇಳಿದ್ರಾ?”

“ಅದಿರಲಿ. ಮೊನ್ನೆ ಮೀಟಿಂಗಲ್ಲಿ ಕ್ಯಾಮೆರಾ ಯಾಕೆ ಆಫ್ ಮಾಡಿದ್ದೆ?”

“ತಲೆ ಬಾಚಿರ್ಲಿಲ್ಲ ಸರ್.”

“ಹಿಂದೆ ಯಾರೋ ಪಿಸುಗುಟ್ತಿದ್ರು.”

“ಓನರ್ ಆಂಟಿ ಸರ್. ಇಡ್ಲಿ ಬೇಕಾ ಅಂತ ಕೇಳಿದ್ರು.” ಆಮೇಲೆ ಕೇಳಿದಳು, “ನೀವು ನನ್ ಮೇಲೆ ಡೌಟ್ ಪಡ್ತಿದೀರಾ?”

“ನಾನು ಎಲ್ಲರ ಮೇಲೂ ಪಡ್ತೀನಿ. ಅದರಲ್ಲಿ ಪಕ್ಷಪಾತ ಇಲ್ಲ.”

“ಎಲ್ಲರ ವೀಸಾನೂ ಮುಗೀತಿಲ್ಲ ಸರ್,” ಎಂದಳು.

ಈ ಉತ್ತರವನ್ನೂ ನಾನು ಅನುಮಾನಾಸ್ಪದವೆಂದು ಬರೆದುಕೊಂಡೆ. ಪಕ್ಕದ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಸುಮಿತ್ರಾ ಬಾಗಿಲಲ್ಲಿ ನಿಂತಳು.

“ಏನ್ರೀ, ಆ ಹುಡುಗಿ ಕದ್ದಾಳ ಅಂತ ನಿಮಗ ಖರೇನ ಅನಸ್ತೈತೇನು?”

“ಅನಿಸೋದಲ್ಲ. ಪುರಾವೆ ಐತಿ.”

“ಪುರಾವೆ ಇಲ್ಲಾ ಅನ್ನೋದ ನಿಮ್ಮ ಪುರಾವೆ. ಹಿಂಗೂ ಇರ್ತದೇನು?”

ವೃತ್ತಿಯ ಸೂಕ್ಷ್ಮಗಳು ಮನೆಯವರಿಗೆ ತಿಳಿಯುವುದಿಲ್ಲ. ನಾಲ್ಕು ಪುಟದ ವರದಿ ಬರೆದು ಯೂಸ್ಟ್‌ಗೆ ಕಳಿಸಿದೆ. ಕೊನೆಯ ವಾಕ್ಯ ಈಗಲೂ ಬಾಯಿಪಾಠ: “ಲಭ್ಯ ಸಂಗತಿಗಳೆಲ್ಲವೂ ಒಬ್ಬರತ್ತಲೇ ಬೆರಳು ತೋರುತ್ತವೆ.” ಕೆಳಗೆ ಸಹನಾಳ ಹೆಸರು. ಯೂಸ್ಟ್ ಅದನ್ನು ಅವಳಿಗೂ ಕಳಿಸಿ ವಿವರಣೆ ಕೇಳಿದ. ಈ ದೇಶದವರಿಗೆ ಯಾವುದನ್ನೂ ಬೆನ್ನ ಹಿಂದೆ ಮಾಡಲು ಬರುವುದಿಲ್ಲ.

ಎರಡು ದಿನ ಬಿಟ್ಟು, ಒಂದು ಗಾಳಿಯ ಮಧ್ಯಾಹ್ನ, ಅವಳೇ ಹೂಫ್‌ಡಾರ್ಪ್‌ಗೆ ಬಂದಳು. ಮನೆಯೊಳಗೆ ಬಾ ಎನ್ನುವ ಕಾಲವಲ್ಲ. ಕಾಲುವೆಯ ದಂಡೆಯ ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ನಡುವೆ ಅವಳ ಲ್ಯಾಪ್‌ಟಾಪು. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅತ್ತ ಕಣ್ಣು, ಆದರೆ ಈಗ ಅಳುತ್ತಿರಲಿಲ್ಲ.

“ಸರ್, ಲೀಕ್ ಆಗಿರೋ ಕಾಪಿ ನೀವು ಪೂರ್ತಿ ನೋಡಿದೀರಾ?”

“ನೋಡಬೇಕಾದ ಜಾಗ ನೋಡಿದೀನಿ.”

“ಮೂರು ಜಾಗ. ರಿಪೋರ್ಟಲ್ಲಿ ಬರ್ದಿದೀರಲ್ಲ. ನಾನು ಪೂರ್ತಿ ನೋಡ್ದೆ.” ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದಳು. “ನೀವೇ ನೋಡಿ.”

ಮೇಷ್ಟ್ರು ದಡದ ಮೇಲೆ ತಲೆ ಎಣಿಸುತ್ತಿದ್ದರು. ಅಡುಗೆಯವನು ದೋಣಿಯ ಕೆಳಗೆ ಬಗ್ಗಿದ. ಅಂಬಿಗ ಬಾಯಿ ತೆರೆದ. ಪರದೆಯ ಕೆಳಗೆ ಚೌಕ ಆವರಣದೊಳಗೆ ನನ್ನ ಅಕ್ಷರಗಳು ಬಂದು ನಿಂತವು: “ಅಂಬಿಗ ಗೊಣಗುತ್ತಾನೆ.”

“ನಮಗೆ ಬಂದ ಟೆಕ್ಸ್ಟಲ್ಲಿ ಈ ಜಾಗದಲ್ಲಿ ಪೂರ್ತಿ ಡೈಲಾಗ್ ಇತ್ತು ಸರ್,” ಎಂದಳು ಸಹನಾ. “ನನ್ ಹತ್ರ ಇರೋದ್ರಲ್ಲೂ ಇದೆ, ಮಾರ್ಲೀಸ್ ಹತ್ರಾನೂ ಇದೆ, ವಿಮ್ ಹತ್ರಾನೂ ಇದೆ. ಇಬ್ರನ್ನೂ ಕೇಳ್ದೆ. ಇದು ನಮ್ಮ ಕೈಗೆ ಬರೋಕೆ ಮುಂಚಿನ ಕಾಪಿ. ಅದಕ್ಕೇ ಮಾರ್ಕ್ ಇಲ್ಲ. ಯಾರೂ ಅಳಿಸಿಲ್ಲ. ಇದಕ್ಕೆ ಹಾಕೇ ಇರ್ಲಿಲ್ಲ.”

ಕಾಲುವೆಯಲ್ಲಿ ಬಾತುಕೋಳಿಯೊಂದು ನಮ್ಮತ್ತ ಬಂದು, ಬ್ರೆಡ್ ಸಿಗುವ ಲಕ್ಷಣವಿಲ್ಲವೆಂದು ತಿರುಗಿ ಹೋಯಿತು.

“ಸರ್, ಈ ಮೂರು ಡೈಲಾಗ್ ನಿಮಗೆ ಯಾರು ಹೇಳಿದ್ದು?”

“ಮಾಶಿಮಾ. ಜೂಟರ್‌ಮೀರ್‌ನವರು. ಯಾವಾಗಲೂ ಅವರನ್ನೇ ಕೇಳೋದು.”

“ಲಾಕ್‌ಡೌನಲ್ಲಿ ಹೇಗೆ ಕೇಳಿದ್ರಿ? ಮನೆಗೆ ಹೋಗಿದ್ರಾ?”

ಹೋಗಿರಲಿಲ್ಲ. ಲಿಂಕ್ ಕಳಿಸಿದ್ದೆ. ಕರಡಿನ ಸಾಲುಗಳ ಸಮೇತ ಇಡೀ ಚಿತ್ರದ ಲಿಂಕ್.

ನೀವು ನಂಬಿ ಬಿಡಿ, ಆ ಕ್ಷಣದವರೆಗೆ ಅದು ನನ್ನ ತಲೆಯಲ್ಲಿರಲಿಲ್ಲ. ಮರೆತಿದ್ದೆ ಎಂದಲ್ಲ. ಚಿತ್ರವನ್ನು ಯಾರಿಗೋ ಕೊಟ್ಟೆ ಎಂಬ ಲೆಕ್ಕಕ್ಕೆ ಅದನ್ನು ಸೇರಿಸಿಯೇ ಇರಲಿಲ್ಲ. ಮಾಶಿಮಾರನ್ನು ಕೇಳುವುದು ನಿಘಂಟು ತೆರೆದಷ್ಟೇ ಸಹಜವಾಗಿತ್ತು ನನಗೆ. ಯಾರ್‍ಯಾರ ಬಳಿ ಪ್ರತಿಯಿದೆ ಎಂದು ಪಟ್ಟಿ ಮಾಡಿದವನು ತನ್ನ ಹೆಸರು ಬರೆದಿರಲಿಲ್ಲ.

ಆದರೂ ಹುಟ್ಟುಗುಣ ಸುಮ್ಮನಿರಲಿಲ್ಲ. ಯಾರೋ ಆ ಮುದುಕಿಯನ್ನು ಯಾಮಾರಿಸಿ ಫೈಲ್ ಎಗರಿಸಿರಬೇಕು ಎಂದುಕೊಂಡು ಅಂದೇ ರೈಲು ಹತ್ತಿದೆ. ಮಾಶಿಮಾ ಫ್ಲ್ಯಾಟಿನ ಬಾಗಿಲು ತೆರೆದು, ತಾವು ಒಳಗೆ ಕುರ್ಚಿ ಹಾಕಿಕೊಂಡು, ನನಗೆ ಹೊರಗಿನ ಮೊಗಸಾಲೆಯಲ್ಲಿ ಒಂದು ಸ್ಟೂಲು ಇಟ್ಟರು. ಮಂಡಕ್ಕಿಯ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರು. ಬಂಗಾಳಿಯಲ್ಲಿ ನಡೆದ ಮಾತು ಇದು.

“ಮಾಶಿಮಾ, ನಾನು ಕಳಿಸಿದ್ದ ಸಿನಿಮಾ ಯಾರಾದರೂ ಕೇಳಿದರಾ?”

“ಕೇಳೋದೇನು ಬಾಬಾ, ನಾನೇ ಕೊಟ್ಟೆ!” ಅವರ ಮುಖ ಅರಳಿತು. “ನಮ್ಮ ದುರ್ಗಾಪೂಜೆಯ ಗುಂಪಿದೆಯಲ್ಲ, ಫೋನಿನಲ್ಲಿ, ಅದಕ್ಕೆ ಹಾಕಿದೆ. ಶಾಲೆ ಮುಚ್ಚಿ ಮಕ್ಕಳೆಲ್ಲ ಮನೆಯಲ್ಲಿ ಕೊಳೀತಿದ್ದಾವೆ. ಎಷ್ಟು ನಕ್ಕವಂತೆ! ಅವರು ಲಂಡನ್ನಿನವರಿಗೆ ಕಳಿಸಿದರಂತೆ, ಅಲ್ಲಿಂದ ಎಲ್ಲಿಗೋ. ಒಂದೇ ಕೊರತೆ ನೋಡು. ಅಂಬಿಗ ಬಂದಾಗಲೆಲ್ಲ ಗೊಣಗುತ್ತಾನೆ ಅಂತ ಬರೆದಿದ್ದೀಯ. ಏನಂದ, ಏನಂದ ಅಂತ ಎಲ್ಲರೂ ನನಗೆ ಫೋನ್ ಮಾಡ್ತಾರೆ. ಹೇಳಿ ಹೇಳಿ ಗಂಟಲು ಬಿದ್ದುಹೋಯ್ತು.”

“ಅದನ್ನು ಯಾರಿಗೂ ಕೊಡಬಾರದಿತ್ತು ಮಾಶಿಮಾ.”

“ಮತ್ತೆ ಹೇಳಬೇಡವಾ? ಮೊದಲೆಲ್ಲ ‘ನಾಳೆ ಬಂದು ತಗೊಂಡು ಹೋಗ್ತೀನಿ’ ಅಂತಿದ್ದೆ. ಈ ಸಲ ಬರಲೂ ಇಲ್ಲ, ಕೇಳಲೂ ಇಲ್ಲ. ಇಟ್ಟುಕೊಳ್ಳಲಿ ಅಂತ ಕಳಿಸಿದ್ದೀಯ ಅಂದುಕೊಂಡೆ.” ಆಮೇಲೆ ದನಿ ತಗ್ಗಿಸಿ ಕೇಳಿದರು, “ಏನಾದರೂ ತೊಂದರೆ ಆಯ್ತಾ?”

“ಇಲ್ಲ,” ಎಂದೆ.

ಮರಳುವ ದಾರಿಯಲ್ಲಿ ರೈಲಿನ ಪೆಟ್ಟಿಗೆಯಲ್ಲಿ ನಾನೊಬ್ಬನೇ. ಯೋಚಿಸಲು ಬೇಕಾದಷ್ಟು ಜಾಗ. ನಿವೃತ್ತಿಗೆ ಐದು ತಿಂಗಳಿತ್ತು. ಸರ್ವರಿನ ದೋಷ, ಹ್ಯಾಕರ್‌ಗಳು, ರಷ್ಯಾ, ಆಗ ಏನು ಹೇಳಿದರೂ ಜನ ನಂಬುತ್ತಿದ್ದರು. ಆದರೆ ನಿರ್ಮಾಪಕರಿಗೆ ಒಂದು ಹೆಸರು ಬೇಕಿತ್ತು; ಮತ್ತು ಯೂಸ್ಟ್‌ನ ಮೇಜಿನ ಮೇಲೆ ಒಂದೇ ಹೆಸರಿತ್ತು, ನಾನೇ ಬರೆದುಕೊಟ್ಟದ್ದು. ಹೂಫ್‌ಡಾರ್ಪ್‌ನಲ್ಲಿ ಇಳಿದು ಪ್ಲಾಟ್‌ಫಾರ್ಮಿನಲ್ಲೇ ನಿಂತು ಫೋನ್ ಮಾಡಿದೆ.

ಎಲ್ಲ ಕೇಳಿ ಯೂಸ್ಟ್ ಅಂದ, “ಆದರೆ ನಿನ್ನ ವರದಿಯ ಪಟ್ಟಿಯಲ್ಲಿ ನಿನ್ನ ಹೆಸರೇ ಇಲ್ಲವಲ್ಲ?”

“ಅದೇ ಆ ಪಟ್ಟಿಯ ತಪ್ಪು.”

“ಇದನ್ನು ಅವರಿಗೆ ಬರೆದರೆ ನಿನ್ನನ್ನು ಇಟ್ಟುಕೊಳ್ಳಲು ನನಗಾಗುವುದಿಲ್ಲ. ಗೊತ್ತಲ್ಲ?”

“ಗೊತ್ತು. ನನ್ನ ಪತ್ರ ನಾಳೆ ಬರುತ್ತದೆ. ಅವಳ ಪತ್ರಕ್ಕೆ ಇವತ್ತೇ ಸಹಿ ಹಾಕು.”

ಹಾಕಿದ. ಹುಡುಕಾಟದ ವರ್ಷದಲ್ಲಿ ಆಗ ಆರು ದಿನ ಉಳಿದಿತ್ತು. ನನಗೆ ಬೀಳ್ಕೊಡುಗೆ ಸಮಾರಂಭ ನಡೆಯಲಿಲ್ಲ. ಕಾರಣ ಕೋವಿಡ್ ಎಂದು ಬರೆದಿದ್ದರು. ಆ ರೋಗದಿಂದ ನನಗಾದ ಉಪಕಾರ ಅದೊಂದೇ.

ಸಹನಾಳಿಗೆ ನಾನೇ ಫೋನ್ ಮಾಡಿ, “ತಪ್ಪಾಯ್ತಮ್ಮಾ,” ಎಂದೆ. ಅವಳು, ಪರವಾಗಿಲ್ಲ ಸರ್, ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

“ಸರ್, ಅಂಬಿಗನ ಮೂರನೇ ಡೈಲಾಗ್ ನೆನಪಿದ್ಯಾ?” ಎಂದಳು.

ನೆನಪಿತ್ತು. ಮೇಷ್ಟ್ರು ಮೂರನೆಯ ಸಲ ಎಣಿಸಿ ಎದೆ ಬಡಿದುಕೊಂಡಾಗ ಅಂಬಿಗ ಹುಟ್ಟನ್ನು ಕೆಳಗಿಟ್ಟು ಹೇಳುತ್ತಾನೆ: “ಮೇಷ್ಟ್ರೇ, ಆ ಬೆರಳನ್ನ ಒಂದ್ಸಲ ಈ ಕಡೆ ತಿರುಗಿಸಿ ನೋಡಿ.”

“ನಾನೇ ಬರೆದದ್ದಲ್ಲವಾ,” ಎಂದೆ.

“ಅಲ್ಲ ಸರ್. ಮಾಶಿಮಾ ಹೇಳಿದ್ದು,” ಎಂದು ಫೋನ್ ಇಟ್ಟಳು. ಆಮೇಲೆ ಒಂದೆರಡು ಬಾರಿ ಕೆಲಸದ ಸಂದೇಹ ಕೇಳಲು ಕರೆ ಮಾಡಿದ್ದಾಳೆ. ಒಂದು ಸಾಲು ಓದಿ ಹೇಳುತ್ತಾಳೆ, ಅರ್ಥ ಕೇಳುತ್ತಾಳೆ. ಫೈಲ್ ಮಾತ್ರ ಎಂದೂ ಕಳಿಸುವುದಿಲ್ಲ. ಒಳ್ಳೆಯ ಕೆಲಸಗಾರ್ತಿ.

ಇಷ್ಟನ್ನು ಹೇಳಿದ ಮೇಲೂ ಕಿರಿಯರಿಗೆ ನನ್ನ ಉಪದೇಶ ಅದೇ: ಅನುಮಾನಿಸಿ. ಪಟ್ಟಿ ಮಾಡುವಾಗ ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬರೆದು, ಆಮೇಲೆ ಅನುಮಾನಿಸಿ. ಹೆಂಡ್ರಿಕ್ ಹೇಳಿದ ಮೂರನೆಯ ವಾಕ್ಯವನ್ನೂ ಮರೆಯಬೇಡಿ.

ಚಿತ್ರ ಕೊನೆಗೆ ದುರ್ಗಾಪೂಜೆಯ ಹೊತ್ತಿಗೆ ಬಿಡುಗಡೆಯಾಯಿತು. ಚಿತ್ರಮಂದಿರ ಸಿಗದೆ ಜನರ ಮನೆಗಳಿಗೇ ಬಂತು. ಒಂದು ಭಾನುವಾರ ಬೆಳಗ್ಗೆ ನಾನೂ ಸುಮಿತ್ರಾಳೂ ನೋಡಿದೆವು. ಅಂಬಿಗ ಮೂರು ಬಾರಿಯೂ ಸ್ಪಷ್ಟವಾಗಿ ಮಾತಾಡಿದ. ಮೂರನೆಯ ಸಲ ಸುಮಿತ್ರಾ ಜೋರಾಗಿ ನಕ್ಕು ನನ್ನತ್ತ ನೋಡಿದಳು. ನಾನು ಬಿಸ್ಕತ್ತು ತೆಗೆದುಕೊಂಡೆ. ಕೊನೆಯಲ್ಲಿ ಹೆಸರುಗಳು ಒಂದೊಂದಾಗಿ ಮೇಲೇರಿದವು. ನಿರ್ಮಾಪಕರು ಪಟ್ಟು ಹಿಡಿದು ಒಂದು ಹೆಸರನ್ನು ತೆಗೆಸಿದ್ದರು. ಇಂಗ್ಲಿಷ್ ಸಬ್‌ಟೈಟಲ್ ಎಂಬುದರ ಮುಂದೆ ಸಹನಾ ಎಂದಷ್ಟೇ ಇತ್ತು.

“ನಿಮ್ಮ ಹೆಸರೆಲ್ಲೈತ್ರೀ?” ಎಂದಳು ಸುಮಿತ್ರಾ.

ಏನೋ ಹೇಳಿದೆ. ಅವಳಿಗೆ ಕೇಳಿಸಲಿಲ್ಲ, ನನಗೂ ಈಗ ನೆನಪಿಲ್ಲ. ಆ ಹೊತ್ತಿಗೆ ಕೋಣೆಯಲ್ಲಿ ಸಬ್‌ಟೈಟಲ್ ಬರೆಯುವವರು ಯಾರಾದರೂ ಇದ್ದಿದ್ದರೆ ಚೌಕ ಆವರಣ ಹಾಕಿ, ಒಳಗೆ ಎರಡೇ ಪದ ಬರೆದು ಮುಂದೆ ಹೋಗುತ್ತಿದ್ದರು: ಮುದುಕ ಗೊಣಗುತ್ತಾನೆ.